ಯಜಮಾನರ ಹೆಸರಿಗೆ ಸಿಕ್ಕ ಬೆಡ್ಡು

ಆಗ ನನಗೆ ಅರವತ್ಮೂರು. ಇದು ನಡೆದು ಏಳು ವರ್ಷವಾಯಿತು. ಅಲ್ಲಿಯವರೆಗೂ ದೆವ್ವ, ಗಾಳಿ ಅನ್ನುವವರಿಗೆ ಬೇರೆ ಕೆಲಸವಿಲ್ಲ ಎನ್ನುತ್ತಿದ್ದೆ. ಈಗಲೂ ನಂಬುತ್ತೇನೆ ಅಂತ ಹೇಳುತ್ತಿಲ್ಲ. ಆದದ್ದನ್ನು ಹೇಳುತ್ತೇನೆ, ಅಷ್ಟೆ.

ಇಟ್ಟಮಡುವಿನಲ್ಲಿ ನಾನು ಸೊಪ್ಪು ಮಾರುವ ಜಾಗದ ಪಕ್ಕ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಮುದುಕ ಮಲಗುತ್ತಿದ್ದ. ಎಲ್ಲಿಯವನೋ, ಯಾರಿಗೂ ಗೊತ್ತಿಲ್ಲ. ಮಾತೇ ಆಡದ್ದರಿಂದ ಮೂಗ ಅಂತಲೇ ತಿಳಿದಿದ್ದೆವು. ಅವನ ಕಾಲಿನ ಗಾಯದಲ್ಲಿ ಹುಳ ಬಿದ್ದಾಗ ಜನ ಆಚೆ ಬದಿಯಿಂದ ನಡೆದರು. ನನ್ನ ಸೊಪ್ಪಿಗೂ ಗಿರಾಕಿ ಇಲ್ಲವಾಯಿತು. ಕರುಣೆಯೋ ವ್ಯಾಪಾರವೋ, ಪುಕ್ಕಟೆ ಔಷಧಿ ಕೊಡುವ ಆಸ್ಪತ್ರೆಗೆ ಅವನನ್ನು ಸಾಗಿಸಿದೆ. ಸೀಟಿಗೆ ಗೋಣಿಚೀಲ ಹಾಸಿದ ಮೇಲೆ ಆಟೋದವನು ಒಪ್ಪಿದ.

ಪುಕ್ಕಟೆ ಅನ್ನುವುದು ಬೋರ್ಡಿನಲ್ಲಿ. ಕೌಂಟರಿನವಳು ತಲೆ ಎತ್ತದೆ ಕೇಳಿದಳು: “ಪೇಷೆಂಟ್ ಕಡೆಯವರು ಯಾರು?”

“ಯಾರೂ ಇಲ್ಲ ಕಣಮ್ಮ. ಬೀದೀಲಿದ್ದ.”

“ಕಡೆಯವರಿಲ್ದೆ ಅಡ್ಮಿಟ್ ಮಾಡ್ಕೊಳಲ್ಲ ಅಜ್ಜಿ. ನಾಳೆ ಸತ್ರೆ ಬಾಡಿ ಯಾರು ತಗೊಂಡೋಗ್ತಾರೆ?”

ಅದೇ ಆಸ್ಪತ್ರೆಯ ಅದೇ ವರಾಂಡದಲ್ಲಿ, ಬೆಡ್ಡಿಗೆ ಕಾಯುತ್ತಾ ಸ್ಟ್ರೆಚರ್ ಮೇಲೇ ನಮ್ಮ ಯಜಮಾನರು ಪ್ರಾಣ ಬಿಟ್ಟಿದ್ದರು. ಅವರಿಗೆ ಕಡೆಯವಳು ನಾನಿದ್ದೆ, ಬೆಡ್ಡಿರಲಿಲ್ಲ. ಸಿಟ್ಟು ಬಂತು. “ನನ್ ಗಂಡ, ಬರ್ಕೋ” ಅಂದೆ.

ಈಗಷ್ಟೇ ಯಾರೂ ಇಲ್ಲ ಅಂದೆಯಲ್ಲ ಅನ್ನದೆ ಅವಳು ಹೆಸರು ಕೇಳಿದಳು. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಅವರಿದ್ದಾಗ ಹೇಳಿರಲಿಲ್ಲ, ಹೋದ ಮೇಲೂ ಹೇಳಿರಲಿಲ್ಲ. ಅವತ್ತು ಹೇಳಿದೆ: “ನಂಜಪ್ಪ.”

ಹಿಂದೆ ಸ್ಟ್ರೆಚರ್ ಮೇಲಿದ್ದ ಆ ಮುದುಕ ಬಾಯಿ ಬಿಟ್ಟ. “ಸಣ್ಣೀ, ಇವತ್ತಾದ್ರೂ ಬೆಡ್ ಕೊಟ್ರಾ?”

ನನ್ನನ್ನು ಸಣ್ಣಿ ಅನ್ನುತ್ತಿದ್ದವರು ಯಜಮಾನರು ಒಬ್ಬರೇ. ಆ ವರಾಂಡದಲ್ಲಿ ಅವರು ಕೊನೆಗೆ ಕೇಳಿದ್ದೂ ಇದನ್ನೇ, ಬೆಡ್ ಕೊಟ್ರಾ ಅಂತ. ಅವರನ್ನು ವಿಲ್ಸನ್ ಗಾರ್ಡನ್ನಿನ ಸ್ಮಶಾನದಲ್ಲಿ ಸುಟ್ಟು, ಬೂದಿಯ ಮಡಕೆ ನಾನೇ ತಂದಿದ್ದೆ. ಮುದುಕನ ಮುಖ ಹಿಡಿದು ತಿರುಗಿಸಿ ನೋಡಿದೆ. ಅವರಲ್ಲ. ಕಿವಿ ಬೇರೆ, ಗದ್ದ ಬೇರೆ. ನನ್ನ ಕಿವಿಗೇ ಹಾಗೆ ಕೇಳಿಸಿತು ಅನ್ನೋಣವೆಂದರೆ ಕೌಂಟರಿನವಳು, “ನೋಡಿ, ನಿಮ್ಮೆಜಮಾನ್ರು ಕೇಳ್ತಾವ್ರೆ” ಅಂದಳು.

“ಕೊಟ್ರು” ಅಂದೆ. ಹೆಬ್ಬೆಟ್ಟು ಒತ್ತಿದೆ. ಅವನನ್ನು ಒಳಗೆ ತಳ್ಳಿಕೊಂಡು ಹೋದರು. ಆಮೇಲೆ ಏನು ಕೇಳಿದರೂ ಅವನು ಬಾಯಿ ಬಿಡಲಿಲ್ಲ. ಅದು ಹೇಗಾಯಿತೋ ನನಗೆ ಇವತ್ತಿಗೂ ತಿಳಿದಿಲ್ಲ.

ಮಾರನೆ ಬೆಳಿಗ್ಗೆ ಗಂಜಿ ಕಾಯಿಸಿ ಡಬ್ಬಿಗೆ ಹಾಕಿದೆ. ಯಜಮಾನರು ಹಸಿ ಈರುಳ್ಳಿ ಇಲ್ಲದೆ ಗಂಜಿ ಮುಟ್ಟುತ್ತಿರಲಿಲ್ಲ. ಒಂದು ಈರುಳ್ಳಿ ಸೆರಗಿಗೆ ಕಟ್ಟಿಕೊಂಡು ಹೊರಟೆ. ವಾರ್ಡಿನ ಬಾಗಿಲಲ್ಲಿ, ಒಳಗಿರುವವನು ಅವರಲ್ಲವಲ್ಲ ಅಂದುಕೊಂಡು ಗಂಟು ಬಿಚ್ಚಿ, ಅದನ್ನು ಕಸದ ಬುಟ್ಟಿಗೆ ಹಾಕಿ, ಬರೀ ಗಂಜಿ ಹಿಡಿದು ಒಳಗೆ ಹೋದೆ.