ಬೆರಳಿಟ್ಟು ಕೇಳುವ ದೇವರು

ನಮ್ಮ ಮನೆಯಲ್ಲಿ ಬೈಬಲ್ಲಿನ ಮೇಲೆ ಏನನ್ನೂ ಇಡುವಂತಿಲ್ಲ, ಕನ್ನಡಕವನ್ನು ಕೂಡ. ಕೈಜಾರಿ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಂಡು, ಯಾರಾದರೂ ನೋಡಿದರೋ ಎಂದು ಅತ್ತಿತ್ತ ನೋಡುತ್ತೇನೆ. ನೋಡಬೇಕಾದವನು ನೋಡಿಯೇ ಇರುತ್ತಾನೆ ಎಂಬುದು ಆಮೇಲೆ ಹೊಳೆಯುತ್ತದೆ. ಇಷ್ಟು ಭಯಭಕ್ತಿಯವಳಾದ ನಾನು ಅದೇ ಗ್ರಂಥದಿಂದ ಗಿಣಿಶಾಸ್ತ್ರ ಕೇಳುತ್ತೇನೆಂದರೆ ನೀವು ನಂಬಲಿಕ್ಕಿಲ್ಲ.

ಕಣ್ಣು ಮುಚ್ಚಿ ಪುಸ್ತಕ ತೆರೆಯುವುದು, ಬೆರಳಿಡುವುದು, ಬೆರಳ ಕೆಳಗಿನ ವಚನವೇ ದೇವರ ಉತ್ತರವೆಂದು ತಿಳಿಯುವುದು. ನಮ್ಮ ಚರ್ಚಿನ ಸಭೆಯಲ್ಲಿ ಅನೇಕರು ಗುಟ್ಟಾಗಿ ಮಾಡುವ ಕೆಲಸವಿದು. ಹುಕ್ಕೇರಿ ಕಡೆಯ ನಮ್ಮ ಅಜ್ಜಿ ಕ್ರೈಸ್ತಳಾಗುವ ಮುಂಚೆ ಗುಡಿಯಲ್ಲಿ ಕೂತು ಹೂವಿನ ಪ್ರಸಾದ ಕೇಳುತ್ತಿದ್ದಳಂತೆ. ಬಲಕ್ಕೆ ಬಿದ್ದರೆ ಕೆಲಸ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ನಮ್ಮ ಮನೆತನದ ದೇವರು ಬದಲಾದ, ಉತ್ತರದ ಅವಸರ ಬದಲಾಗಲಿಲ್ಲ. ಆದರೆ ಹೂವು ಎತ್ತ ಬೀಳಬೇಕೆಂಬುದು ಅಜ್ಜಿಯ ಕೈಯಲ್ಲಿರಲಿಲ್ಲ. ನನ್ನ ಹೆಬ್ಬೆರಳಿಗೋ ಬೈಬಲ್ಲಿನ ಕೀರ್ತನೆಗಳು ಎಲ್ಲಿವೆಯೆಂದು ಚೆನ್ನಾಗಿ ಗೊತ್ತು. ಪುಸ್ತಕದ ನಟ್ಟನಡುವೆ ತೆರೆದರೆ ಸಮಾಧಾನದ ಮಾತೊಂದು ಸಿಕ್ಕೇ ಸಿಗುತ್ತದೆ. ಅಲ್ಲೂ ಶಾಪದ ಸಾಲು ಸಿಕ್ಕರೆ, ಫ್ಯಾನಿನ ಗಾಳಿಗೆ ಹಾಳೆ ಸರಿಯಿತೆಂದು ಆ ಸಲದ್ದನ್ನು ರದ್ದು ಮಾಡಿಬಿಡುತ್ತೇನೆ.

ಈಗ ಆ ಚೇಷ್ಟೆಗೆ ಧೈರ್ಯ ಸಾಲುತ್ತಿಲ್ಲ. ನಮ್ಮವರ ಕೊರಳಲ್ಲಿ ಗಂಟೊಂದು ಎದ್ದಿದೆ. ಗೋಕಾಕದ ಡಾಕ್ಟರು ಬೆಳಗಾವಿಗೆ ಕಳಿಸಿದರು; ಅಲ್ಲಿ ತುಣುಕು ತೆಗೆದು ಪರೀಕ್ಷೆಗೆ ಕೊಟ್ಟಿದ್ದಾರೆ. ನಾಳೆ ವರದಿ ಬರುತ್ತದೆ. ಕ್ಯಾನ್ಸರ್ ಎಂಬ ಶಬ್ದವನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿಲ್ಲ. ನನಗೆ ಬಹಳ ಹೆದರಿಕೆಯಾಗಿದೆ. ರೊಟ್ಟಿ ಬಡಿಯುವಾಗಲೂ ಕಣ್ಣು ಅವರ ಕೊರಳಿಗೇ ಹೋಗುತ್ತದೆ.

ಹೋದ ವಾರ ತಡೆಯಲಾರದೆ, ಮೋಸವಿಲ್ಲದೆ, ಕಣ್ಣು ಬಿಗಿಯಾಗಿ ಮುಚ್ಚಿ ಬೆರಳಿಟ್ಟೆ. ಹಿಂದಿನವರು ಆರಾಧನೆಗೆ ಹಾಕಿದ ದೇವದರ್ಶನದ ಗುಡಾರದ ಪರದೆ ಎಷ್ಟು ಮೊಳ ಉದ್ದ, ಎಷ್ಟು ಮೊಳ ಅಗಲ ಎಂಬ ವಿವರ ಬಂತು. ಇನ್ನೊಮ್ಮೆ ಇಟ್ಟೆ. ಹಾಳುಬಿದ್ದ ಪಟ್ಟಣದ ಮೇಲೆ ಪ್ರವಾದಿಯ ಗೋಳು ಬಂತು. ಆದರೂ ನನ್ನನ್ನು ಹೆಚ್ಚು ಕಾಡಿದ್ದು ಮೊದಲನೆಯದೇ. ಸಿಟ್ಟಾದ ದೇವರನ್ನಾದರೂ ಕಾಲು ಹಿಡಿದು ಬೇಡಿಕೊಳ್ಳಬಹುದು. ಪರದೆಯ ಅಳತೆ ಹೇಳಿ ಸುಮ್ಮನಾಗುವ ದೇವರನ್ನು ಏನು ಮಾಡುವುದು? ಮತ್ತೆ ಬೆರಳಿಡಲು ಕೈ ಬರಲಿಲ್ಲ.

ಮೂಡಲಗಿಯಿಂದ ಪ್ರಾರ್ಥನೆಗೆ ಬಂದ ಪಾಸ್ಟರರ ಮುಂದೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಚಹಾವನ್ನು ಬಶಿಗೆ ಸುರಿದುಕೊಂಡು, "ಅಕ್ಕಾರ, ಒಂದ ವಚನ ಹಿಡದ ಜಗ್ಗಿದ್ರ ಅದು ನಿಮ್ಮ ಮಾತ ಆಗ್ತೈತ್ರಿ, ದೇವರ ಮಾತ ಆಗೂದಿಲ್ಲ. ಪೂರಾ ಓದ್ರಿ. ಅಂವ ಏನ ಹೇಳ್ಯಾನ, ಮೊದಲ ಅದನ್ನ ಕೇಳ್ರಿ," ಎಂದರು.

"ಹೇಳದ ಸುಮ್ನಿದ್ರ ಏನ ಮಾಡ್ಲಿರಿ?" ಎಂದೆ.

ಅವರು ಬಶಿ ಕೆಳಗಿಟ್ಟರು. "ಅದು ನನಗೂ ಗೊತ್ತಿಲ್ರಿ."

ಪಾಸ್ಟರರಿಗೇ ಗೊತ್ತಿಲ್ಲವೆಂದರೆ ನನ್ನ ಭಯ ಹೆಚ್ಚಾಗಬೇಕಿತ್ತು. ಹೆಚ್ಚಾಯಿತು ಕೂಡ. ಆದರೆ ಯಾಕೋ ಆ ಮನುಷ್ಯನ ಮೇಲೆ ನಂಬಿಕೆಯೂ ಹೆಚ್ಚಾಯಿತು.

ಇವತ್ತು ಸಂಜೆ ನಮ್ಮವರು ತಾವಾಗಿಯೇ, "ಏನರ ಓದು," ಎಂದರು. ಬೆರಳು ಮಡಚಿಕೊಂಡು, ಸಭೆಯವರು ಈ ದಿನಕ್ಕೆಂದು ಗೊತ್ತುಮಾಡಿದ ಅಧ್ಯಾಯವನ್ನೇ ತೆಗೆದೆ. ಬರೀ ವಂಶಾವಳಿ. ಇವನು ಅವನ ಮಗ, ಅವನು ಇನ್ನೊಬ್ಬನ ಮಗ. ನಾಲಿಗೆ ತೊಡರುವ ಹೆಸರುಗಳು. ಇಂಥ ದಿನ ಇದೇ ಬರಬೇಕೇ ಎಂದು ಒಳಗೊಳಗೇ ಸಿಟ್ಟು ಬಂತು. ಹಾರಿಸಿ ಮುಂದೆ ಹೋಗಲು ಹೆದರಿ ಓದುತ್ತ ಹೋದೆ.

ಕಣ್ಣು ಮುಚ್ಚಿ ಕೇಳುತ್ತಿದ್ದ ಅವರು ನಡುವೆ ಹೇಳಿದರು: "ಇವರೆಲ್ಲಾರೂ ಸತ್ತ ಹೋಗ್ಯಾರ. ಆದ್ರ ಒಬ್ಬರ ಹೆಸರೂ ಬಿಟ್ಟಿಲ್ಲ ನೋಡು." ಸಾವಿನ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಆಮೇಲೆ "ನಂದೂ ಬರ್ಕೊಂಡಿರ್ತಾನಲ್ಲಾ?" ಎಂದು ಕೇಳಿದರು.

ನನಗೆ ಹೌದೆನ್ನಲು ಕೂಡ ಆಗಲಿಲ್ಲ. ಅವರ ಕೈ ಹಿಡಿದುಕೊಂಡು ಸುಮ್ಮನೆ ಪಕ್ಕದಲ್ಲಿ ಕೂತೆ. ನಾನು ಉತ್ತರ ಕೊಡದಿದ್ದದ್ದು ಪ್ರೀತಿಯಿಲ್ಲದೆ ಎಂದು ಅವರಿಗೆ ಅನಿಸಿದಂತೆ ಕಾಣಲಿಲ್ಲ. "ಮುಂದ ಓದು," ಎಂದರು.