ಹದಿನೈದು ಅಡಿ ದೂರ

ಟೈಲರಮ್ಮನಿಗೆ ಅಳತೆ ತಪ್ಪಿದ್ದು ಕಣ್ಣಿಗೆ ಬಿದ್ದರೆ ಊಟ ಸೇರುತ್ತಿರಲಿಲ್ಲ. ಮೂವತ್ತು ವರ್ಷ ಅದೇ ಕಿಟಕಿಯ ಪಕ್ಕ, ಅದೇ ಹೊಲಿಗೆ ಯಂತ್ರದ ಮುಂದೆ ಕೂತು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿದವಳು. ಯಾರ ಸೊಂಟ ಯಾವಾಗ ಎಷ್ಟು ಇಂಚು ಏರಿತು ಎಂಬುದು ಮನೆಯವರಿಗಿಂತ ಮೊದಲು ಇವಳಿಗೆ ಗೊತ್ತಾಗುತ್ತಿತ್ತು, ಆದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಷ್ಟು ಮರ್ಯಾದೆ ಅವಳಿಗಿತ್ತು.

ಅಂಥವಳ ಮನೆಗೇ ನಗರಸಭೆಯ ನೋಟಿಸು ಬಂತು. ವಸತಿ ಬಡಾವಣೆಯಲ್ಲಿ ಎರಡು ಆಡು ಸಾಕಬಹುದು, ಆದರೆ ಕೊಟ್ಟಿಗೆ ಪಕ್ಕದ ಮನೆಯ ಗೋಡೆಯಿಂದ ಹದಿನೈದು ಅಡಿ ದೂರವಿರಬೇಕು. ಶನಿವಾರ ಅಳೆಯುತ್ತೇವೆ, ಕಮ್ಮಿ ಬಂದು ಸಂಜೆ ಐದರೊಳಗೆ ಸರಿಪಡಿಸದಿದ್ದರೆ ಆಡುಗಳನ್ನು ಸಾಗಿಸುತ್ತೇವೆ. ದೂರು ಕೊಟ್ಟವನು ಪಕ್ಕದ ಮನೆಗೆ ಹೊಸದಾಗಿ ಬಂದ ಯಜಮಾನ. ಅವನ ಮೂಗಿಗೆ ಇಡೀ ಬೀದಿಯೇ ನಾರುತ್ತಿತ್ತು.

ಆಡುಗಳು ಅವಳಿಗಿಂತ ಹೆಚ್ಚಾಗಿ ಅವಳ ಗಂಡನವು. ಆತ ಲಾರಿ ಡ್ರೈವರಾಗಿದ್ದವನು. ಮಂಡಿ ಕೈಕೊಟ್ಟು ಸ್ಟೇರಿಂಗ್ ಬಿಟ್ಟ ಮೇಲೆ ವರ್ಷವಿಡೀ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಆಡು ಬಂದ ಮೇಲೆ ಬೆಳಗಾಗುತ್ತಲೇ ಎದ್ದು ಸೊಪ್ಪು ಕಟ್ಟುತ್ತಾನೆ, ಹಾಲು ಕರೆಯುತ್ತಾನೆ, ಅವುಗಳ ಜೊತೆ ಜಗಳವಾಡುತ್ತಾನೆ. ಆಡು ಹೋದರೆ ಈ ಮನುಷ್ಯ ಮತ್ತೆ ಗೋಡೆ ಕಡೆ ತಿರುಗುತ್ತಾನೆ ಎಂದು ಅವಳಿಗೆ ನಿಜವಾಗಿ ಭಯವಾಗಿತ್ತು.

"ಹೋಗ್ಲಿ ಬಿಡೇ, ಸರ್ಕಾರದ ಜೊತೆ ನಮಗ್ಯಾಕೆ?" ಎಂದ ಆತ.

"ಹದಿನೈದು ಅಡಿ ಇದೆ ಅಂತ ನೀವೇ ಅಲ್ವಾ ಹೇಳಿದ್ದು?"

"ಹೆಜ್ಜೆ ಹಾಕಿ ಅಳೆದಿದ್ದೆ."

"ಯಾವ ಕಾಲಲ್ಲಿ? ನೆಟ್ಟಗಿರೋದ್ರಲ್ಲೋ, ಕುಂಟೋದ್ರಲ್ಲೋ?"

ಆತ ನಕ್ಕುಬಿಟ್ಟ. ಅವಳಿಗೆ ನಗು ಬರಲಿಲ್ಲ. ಊರಿಗೆಲ್ಲ ಅಳತೆ ತೆಗೆಯುವವಳು ಸ್ವಂತ ಹಿತ್ತಲನ್ನು ಗಂಡನ ಬಾಯಿಮಾತಿಗೆ ಬಿಟ್ಟಿದ್ದಳು.

ಇನ್ನೊಂದು ವಿಷಯವೂ ಒಳಗೊಳಗೇ ಚುಚ್ಚುತ್ತಿತ್ತು. ಹಿಂದಿನ ಬೀದಿಯಲ್ಲಿ ಇಸ್ತ್ರಿ ಮಾಡುವ ಅಕ್ಕನ ಕೋಳಿಗಳನ್ನು ಹೋದ ತಿಂಗಳು ಇದೇ ಹದಿನೈದು ಅಡಿಯ ನಿಯಮ ಹೇಳಿ ತೆಗೆಸಿದ್ದರು. ಎರಡು ಇಂಚು ಕಮ್ಮಿ. ಇಟ್ಟಿಗೆಯ ಗೂಡು, ಸರಿಸುವಂತಿರಲಿಲ್ಲ. "ನೀನೊಂದು ಮಾತು ಹೇಳೇ" ಎಂದು ಅಕ್ಕ ಅಳುತ್ತಾ ಬಂದಾಗ ಟೈಲರಮ್ಮ, "ಅಳತೆ ಅಂದ್ರೆ ಅಳತೆ ಅಕ್ಕಾ, ನಾನೇನು ಹೇಳ್ಲಿ?" ಎಂದು ಯಂತ್ರ ತುಳಿಯುತ್ತಲೇ ಕೂತಿದ್ದಳು.

ಶನಿವಾರ ಮಧ್ಯಾಹ್ನ ಅಳೆಯುವ ಅಧಿಕಾರಿ ಬಂದ. ಬೆವರು ಒರೆಸಿಕೊಳ್ಳುತ್ತಾ ಬಟ್ಟೆಯ ಟೇಪನ್ನು ಗೋಡೆಯಿಂದ ಕೊಟ್ಟಿಗೆಯವರೆಗೆ ಎಳೆದ. "ಹದಿನಾಲ್ಕು ಅಡಿ ಎಂಟು ಇಂಚು. ನಾಲ್ಕು ಇಂಚು ಕಮ್ಮಿ ಅಮ್ಮಾ."

ಕಂಬಗಳು ಸಿಮೆಂಟಿನಲ್ಲಿ ಹೂತಿದ್ದವು. ನಾಲ್ಕು ಇಂಚು ಹಿಂದೆ ಸರಿಸಲು ಸಂಜೆಯವರೆಗಿನ ಸಮಯ ಎಲ್ಲಿ ಸಾಕು? ಗಂಡ ಹೋಗಿ ಆಡಿನ ಕುತ್ತಿಗೆಯ ಹಗ್ಗ ಹಿಡಿದು ನಿಂತ.

ಟೈಲರಮ್ಮ ನೋಡುತ್ತಿದ್ದುದು ಟೇಪನ್ನು. ಅಂಚು ಅಲೆಅಲೆಯಾಗಿತ್ತು, ಅಂಕಿಗಳು ಉದ್ದುದ್ದವಾಗಿ ಎಳೆದುಕೊಂಡಿದ್ದವು.

"ಈ ಟೇಪು ಎಷ್ಟು ವರ್ಷದ್ದು?"

"ನಾನು ಕೆಲಸಕ್ಕೆ ಸೇರಿದಾಗ ಕೊಟ್ಟಿದ್ದು. ಹನ್ನೊಂದು ವರ್ಷ ಆಯ್ತು."

"ನಾನು ವರ್ಷಕ್ಕೊಂದು ಬಿಸಾಕ್ತೀನಿ. ಎಳೆದೂ ಎಳೆದೂ ಬಟ್ಟೆ ಟೇಪು ಹಿಗ್ಗುತ್ತೆ ಸ್ವಾಮಿ. ಟೇಪು ಹಿಗ್ಗಿದ್ರೆ ಅಳತೆ ಕಮ್ಮಿ ತೋರ್ಸುತ್ತೆ."

ಒಳಗಿಂದ ಹೊಸ ಟೇಪು ತಂದು ಅವನ ಎದುರಿಗೇ ಪೊಟ್ಟಣ ಹರಿದಳು, ಉಕ್ಕಿನ ಸ್ಕೇಲಿನ ಪಕ್ಕ ಇಟ್ಟು ತೋರಿಸಿದಳು. ಅರವತ್ತು ಇಂಚಿನದು, ಮೂರು ಸಲ ಇಟ್ಟರೆ ಸರಿಯಾಗಿ ಹದಿನೈದು ಅಡಿ. ನೆಲಕ್ಕೆ ಮಂಡಿಯೂರಿ ಒಂದು, ಎರಡು ಎಂದು ಇಟ್ಟಳು. ಮೂರನೆಯದು ಮುಗಿಯುವ ಮೊದಲೇ ಹಲಗೆ ತಾಗಿತು.

ಹದಿನಾಲ್ಕು ಅಡಿ ಹನ್ನೊಂದು ಇಂಚು.

ಅಧಿಕಾರಿಯ ಮುಖ ಸಪ್ಪಗಾಯಿತು. "ಒಂದಿಂಚು ತಾನೇ? ಹದಿನೈದು ಅಂತಲೇ ಬರ್ಕೊಳ್ತೀನಿ ಬಿಡಿ."

"ಬೇಡ. ನಾಳೆ ಪಕ್ಕದ ಮನೆಯವರು ಇನ್ನೊಂದು ಟೇಪು ತಂದ್ರೆ? ಐದು ಗಂಟೆಯವರೆಗೆ ಸಮಯ ಇದೆ ಅಲ್ವಾ? ಕೂತ್ಕೊಳ್ಳಿ."

ಗೋಡೆ ಕಡೆಯ ಹಲಗೆಗಳನ್ನು ಕಂಬದ ಹೊರಮೈಗೆ ಬಡಿದಿದ್ದರು. ದಪ್ಪ ಸರಿಯಾಗಿ ಒಂದಿಂಚು. ಕಿತ್ತು ಒಳಮೈಗೆ ಬಡಿದರೆ ಆಯಿತು. "ರೀ, ಸುತ್ತಿಗೆ ತನ್ನಿ" ಎಂದಳು. ಕುಂಟುತ್ತಾ ಹೋದ ಗಂಡ ಬರುವಾಗ ಕುಂಟುವುದನ್ನೇ ಮರೆತಿದ್ದ. ಇಬ್ಬರೂ ಸೇರಿ ಹಲಗೆ ಕಿತ್ತು ಬಡಿದರು. ಪಕ್ಕದ ಯಜಮಾನ ಕಿಟಕಿಯಲ್ಲಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ನಾಲ್ಕೂವರೆಗೆ ಮೂರನೆಯ ಟೇಪಿನ ತುದಿ ಕಂಬಕ್ಕೆ ಸರಿಯಾಗಿ ಮುಟ್ಟಿತು. ಅಧಿಕಾರಿ ಬರೆದು ಸಹಿ ಹಾಕಿದ. ಗಂಡ ಆಡಿನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ.

ಅಧಿಕಾರಿ ಹಳೆಯ ಟೇಪು ಸುತ್ತಿ ಜೇಬಿಗಿಟ್ಟುಕೊಳ್ಳುವಾಗ ಟೈಲರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಈ ಟೇಪು ಇಲ್ಲಿ ಮೂರು ಇಂಚು ನುಂಗಿತ್ತು. ಅಕ್ಕನ ಮನೆಯಲ್ಲಿ ಕಮ್ಮಿ ಎಂದದ್ದು ಎರಡೇ ಇಂಚು. ತಪ್ಪಿದ್ದುದು ತನ್ನ ಕೊಟ್ಟಿಗೆ. ಅಕ್ಕನ ಗೂಡು ಸರಿಯಾಗಿಯೇ ಇತ್ತು.

"ಹೋದ ತಿಂಗಳು ಇಸ್ತ್ರಿ ಅಕ್ಕನ ಮನೆಯಲ್ಲಿ ಅಳೆದಿದ್ದೂ ಇದರಲ್ಲೇ ಅಲ್ವಾ?"

ಅಧಿಕಾರಿ ಚಪ್ಪಲಿ ಹುಡುಕತೊಡಗಿದ.

"ಆ ಕಡೆ ಅಲ್ಲ, ಈ ಕಡೆ ನಡೀರಿ" ಎಂದು ಟೈಲರಮ್ಮ ಹೊಸ ಟೇಪನ್ನು ಕೊರಳಿಗೆ ಹಾಕಿಕೊಂಡು ಹಿಂದಿನ ಬೀದಿಯತ್ತ ಹೊರಟಳು. ಗೂಡನ್ನು ಅಳೆಯುವ ಮೊದಲು ಅಕ್ಕನ ಮುಂದೆ ತನ್ನ ತಪ್ಪು ಒಪ್ಪಿಕೊಳ್ಳಬೇಕಿತ್ತು.