ಪಿಸುಮಾತಿನ ಎಂಟು ದಿನ

ಓಮಕಾಳು ಹಾಕಿ ಕುದಿಸಿದ ನೀರಿನ ಹಬೆ ಮುಖಕ್ಕೆ ಬಡಿದಾಗಲೆಲ್ಲ ನನಗೆ ಹತ್ತಿಯ ವಾಸನೆ ಬರುತ್ತದೆ. ಬಳ್ಳಾರಿಯ ಪಾರ್ವತಿನಗರದ ಈ ಬಾಡಿಗೆ ಮನೆಗೆ ಹತ್ತಿ ಎಲ್ಲಿಂದ ಬರಬೇಕು, ಆದರೂ ಬರುತ್ತದೆ. ಈ ವಾರವೆಲ್ಲ ಬೆಳಿಗ್ಗೆ ಸಂಜೆ ತಲೆಯ ಮೇಲೆ ಟವೆಲ್ಲು ಹೊದ್ದು ಪಾತ್ರೆಯ ಮುಂದೆ ಕೂತಿದ್ದೇನೆ. ಇಪ್ಪತ್ತೆರಡು ವರ್ಷ ಶಾಲೆಯ ಮಕ್ಕಳಿಗೆ ಹಾಡು ಹೇಳಿಕೊಟ್ಟ ಗಂಟಲು ಇನ್ನು ನನ್ನ ಕೈಲಾಗದು ಎಂದು ಕೂತುಬಿಟ್ಟಿದೆ. ಬೇಸರವೂ ಇಲ್ಲ, ಸಿಟ್ಟೂ ಇಲ್ಲ, ದಣಿವು ಅಷ್ಟೇ. ಹಬೆಯೊಳಗೆ ಕಣ್ಣು ಮುಚ್ಚಿದರೆ ಕುರುಗೋಡಿನ ಮನೆಯ ಪಡಸಾಲೆ, ಅಲ್ಲಿ ಹಾರಾಡುವ ಬಿಳಿ ಧೂಳು, ಅದರ ನಡುವೆ ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡ ನಮ್ಮಜ್ಜ.

ಅಜ್ಜ ಹುಸೇನಸಾಬ ಹತ್ತಿ ಹಿಂಜಿ ಗಾದಿ ತುಂಬುವವ. ಆಳುದ್ದದ ಬಿಲ್ಲು ತೂಗುಹಾಕಿ, ಅದರ ನರಕ್ಕೆ ಮರದ ಗುಂಡಿನಿಂದ ಬಡಿದರೆ ಟೊಂಯ್ ಎಂದು ಮನೆಯೆಲ್ಲ ಅದುರುತ್ತಿತ್ತು. ಗಂಟಲಿಗೆ ಅದಕ್ಕಿಂತ ಕೆಟ್ಟ ಕಸುಬು ಇನ್ನೊಂದಿಲ್ಲ. ಆದರೆ ಊರಿನ ಮೊಹರಂ ಪದಗಳಿಗೆ ಮುಂದಾಗಿ ಹಾಡುವವನೂ ಅವನೇ. ಅವನಪ್ಪನಿಂದ ಬಂದ ಪಾಳಿ ಅದು. ಹತ್ತು ದಿನದ ಹಾಡಿಗಾಗಿ ಅವನು ವರ್ಷವೆಲ್ಲ ದನಿ ಕಾಯುತ್ತಿದ್ದ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಬಿಲ್ಲಿನ ನರವನ್ನು ಬೆರಳಿನಿಂದ ಮೆಲ್ಲಗೆ ಮೀಟಿ, ಬಾಯಿ ಮುಚ್ಚಿಕೊಂಡೇ ಅದರ ಜೊತೆ ಗುಂಯ್ ಎನ್ನುತ್ತಿದ್ದ. ಅದೇ ಅವನ ಶ್ರುತಿಪೆಟ್ಟಿಗೆ. ಕುಡಿಯಲು ಬಿಸಿನೀರು. ಸಂಜೆ ಊರೆಲ್ಲ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುವಾಗ ಇವನು ಬರೀ ಮಂಡಕ್ಕಿ ಕೈಯಲ್ಲಿ ಹಿಡಿದು ನಮ್ಮ ಮಿರ್ಚಿಯನ್ನೇ ನೋಡುತ್ತಿದ್ದ. ಕೂಗಿ ಕರೆಯುವುದಂತೂ ಇಲ್ಲವೇ ಇಲ್ಲ. ಒಂದು ಚಪ್ಪಾಳೆ ಎಂದರೆ ನಾನು, ಎರಡು ಎಂದರೆ ಅಜ್ಜಿ, ಮೂರು ಎಂದರೆ ಚಹಾ. "ನನ್ನಕಿಂತ ಚಾಕ್ಕ ಒಂದು ಚಪ್ಪಾಳಿ ಜಾಸ್ತಿ" ಎಂದು ಅಜ್ಜಿ ಫಕೀರಮ್ಮ ಗೊಣಗುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥದೊಂದು ಗುಟ್ಟಿನ ಭಾಷೆ ಇದ್ದೀತು. ಮನೆ ಹೋದ ಮೇಲೆ ಆ ಭಾಷೆ ನಮ್ಮ ಮೈಯಲ್ಲಿ ಮಾತ್ರ ಉಳಿದಿರುತ್ತದೆ.

ನನಗೆ ಒಂಬತ್ತು ತುಂಬಿದ ವರ್ಷ ಸಿರುಗುಪ್ಪ ಕಡೆಯ ಕರೂರಿನಿಂದ ದೊಡ್ಡ ಮದುವೆಯ ಗಾದಿ ಕೆಲಸ ಬಂತು. ಅಜ್ಜ ಅಲ್ಲಿಗೆ ಹೋಗಿ, ಭತ್ತ ತುಂಬುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಹಳೆಯ ಮುಗ್ಗಲು ಹತ್ತಿಯನ್ನು ಹದಿನೈದು ದಿನ ಹಿಂಜಿದನಂತೆ. ತಿರುಗಿ ಬಂದಾಗ ದನಿ ಒಡೆದ ಮಡಕೆಯಂತಾಗಿತ್ತು. ಮೊಹರಂ ಚಂದ್ರ ಕಾಣಲು ಎಂಟೇ ದಿನ. ಅಜ್ಜಿ ಅವತ್ತೇ ಮನೆಗೆಲ್ಲ ಅಪ್ಪಣೆ ಹೊರಡಿಸಿದಳು: "ಇವತ್ತಿನಿಂದ ಯಾರೂ ಗಟ್ಟಿ ಮಾತಾಡಂಗಿಲ್ಲ. ನಾವು ಪಿಸಿಪಿಸಿ ಅಂದ್ರ ಅವ್ರೂ ಪಿಸಿಪಿಸಿ ಅಂತಾರ. ಗಂಟ್ಲಕ್ಕ ಆರಾಮ ಸಿಗತೈತಿ."

ಹಾಗೆ ಶುರುವಾಯಿತು. ಪಾತ್ರೆಗಳ ಸದ್ದು ಸಹ ತಗ್ಗಿತು. ಪಕ್ಕದ ಮನೆಯ ಬಸಣ್ಣ, ಅಜ್ಜನ ಹಿಂದೆ ದನಿಗೂಡಿಸುವವ, ಹೊಲದಿಂದ ಬಂದು ಹೊಸ್ತಿಲಲ್ಲೇ ದನಿ ಇಳಿಸಿ, "ಹುಸೇನಣ್ಣ, ನಿಮ್ಮ ಮನಿಗೆ ಬಂದ್ರ ಕಳವು ಮಾಡಾಕ ಬಂದಂಗ ಆಗತೈತಿ ನೋಡು" ಎಂದ.

"ಕಳವು ಮಾಡಾಕ ಏನೈತಿ ಇಲ್ಲಿ, ಒಂದು ಚೀಲ ಹತ್ತಿ ಹೊತ್ಕೊಂಡು ಹೋಗು" ಎಂದು ಅಜ್ಜ ಪಿಸುಗುಟ್ಟಿದ. ಇಬ್ಬರೂ ಸದ್ದಿಲ್ಲದೆ ಹೊಟ್ಟೆ ಹಿಡಿದು ನಕ್ಕರು.

ನನಗೆ ಆ ಎಂಟು ದಿನ ಹಬ್ಬಕ್ಕಿಂತ ದೊಡ್ಡ ಹಬ್ಬ. ಗಂಟಲು ಕಾಯುವುದಕ್ಕೆಂದು ಎಂದೂ ಹೆಚ್ಚು ಮಾತಾಡದ ಅಜ್ಜ, ಪಿಸುಮಾತಿಗೆ ಲೆಕ್ಕವಿಲ್ಲ ಎಂದುಕೊಂಡು ಬಾಯಿ ಬಿಚ್ಚಿದ. ಅರಳೆಯ ರಾಶಿಯ ಮೇಲೆ ನಾನು ಅವನ ತೊಡೆಗೆ ಒರಗಿದರೆ ಅವನು ಗಂಟಲಿಗೆಂದು ಅಗಿಯುತ್ತಿದ್ದ ಜ್ಯೇಷ್ಠಮಧುವಿನ ಸಿಹಿ ವಾಸನೆಯ ಬಿಸಿಯುಸಿರು ಕಿವಿಗೆ ತಾಕುತ್ತಿತ್ತು. ಅವನಪ್ಪ ಬಿಲ್ಲು ಹೊತ್ತು ಊರೂರು ತಿರುಗಿದ್ದು, ತಾನು ಅಜ್ಜಿಯನ್ನು ಹೆಣ್ಣು ನೋಡಲು ಹೋದ ದಿನ ಗಡ್ಡಕ್ಕೆ ಹತ್ತಿ ಅಂಟಿಕೊಂಡೇ ಇದ್ದದ್ದು, ಎಲ್ಲ ಆಗ ಕೇಳಿದ್ದು. ಒಂದು ಮುಗಿಯುವಷ್ಟರಲ್ಲಿ, "ಇನ್ನೊಂದು ಹೇಳಜ್ಜ" ಎನ್ನುತ್ತಿದ್ದೆ. ಅವನು ಹೇಳುತ್ತಿದ್ದ. ಇಷ್ಟು ವರ್ಷಗಳ ಮೇಲೂ ನನ್ನ ಆ ಮಾತು ನನಗೆ ಕೇಳಿಸುತ್ತದೆ.

ಏಳನೆಯ ದಿನ ಪಿಸುಮಾತೂ ಕಡಿದು ಕಡಿದು ಬರತೊಡಗಿದಾಗ ಬಸಣ್ಣ ಅವನನ್ನು ಬಸ್ಸಿಗೆ ಹತ್ತಿಸಿ ಬಳ್ಳಾರಿಯ ಡಾಕ್ಟರ ಹತ್ತಿರ ಕರೆದೊಯ್ದ. ನಾನೂ ಹಟ ಹಿಡಿದು ಹೋಗಿದ್ದೆ. ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, ಎಷ್ಟು ದಿನದಿಂದ ಹೀಗೆ ಪಿಸುಗುಡುತ್ತಿದ್ದೀರಿ ಎಂದು ಕೇಳಿದರು. ಪಿಸುಮಾತು ಗಂಟಲನ್ನು ಇನ್ನೂ ಉಜ್ಜುತ್ತದಂತೆ. ಮೊದಲೇ ಧೂಳಿಗೆ ಊದಿಕೊಂಡದ್ದು ಈಗ ಹುಣ್ಣಾಗಿದೆಯಂತೆ. ಸುಮ್ಮನಿರಬೇಕಿತ್ತು, ಇಲ್ಲವೇ ಮೆಲ್ಲಗೆ, ದಿನನಿತ್ಯದ ದನಿಯಲ್ಲೇ ಎರಡು ಮಾತಾಡಬೇಕಿತ್ತು. ಮನೆಗೆ ಬಂದು ಬಸಣ್ಣ ಇದನ್ನು ಹೇಳಿದಾಗ ಅಜ್ಜಿ ಒಲೆಯ ಮುಂದೆ ಕೂತವಳು ಏಳಲೇ ಇಲ್ಲ. ಅಜ್ಜ ಅವಳ ಹತ್ತಿರ ಹೋಗಿ ಎರಡು ಚಪ್ಪಾಳೆ ತಟ್ಟಿದ. ಅವಳು ತಿರುಗಿ ನೋಡಲಿಲ್ಲ.

ಚಂದ್ರ ಕಂಡ ಮರುಸಂಜೆ ಮೊಹರಂಗೆ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಜನ ಕೂಡಿದರು. ಯಾರ ಮಾತಿಗೂ ನಿಲ್ಲದೆ ಅಜ್ಜ ಎದ್ದು ನಿಂತ. ಮೊದಲ ಸಾಲು ಬಂತು, ಎರಡನೆಯದು ಅರ್ಧ ಬಂತು. ಆಮೇಲೆ ಬರೀ ಗಾಳಿ. ಬಸಣ್ಣ ಅವನ ಮುಖ ನೋಡಿದ, ಆ ಸಾಲನ್ನು ತಾನು ಎತ್ತಿಕೊಂಡ. ಅಜ್ಜ ಒಂದು ಹೆಜ್ಜೆ ಹಿಂದೆ ಸರಿದು ಹಾಡು ಮುಗಿಯುವವರೆಗೂ ಚಪ್ಪಾಳೆಯ ತಾಳ ಹಾಕಿದ.

ಮಾತು ಹೇಗೋ ತಿರುಗಿ ಬಂತು, ಹಾಡು ಬರಲಿಲ್ಲ. ಆದರೂ ಅವನು ಸಾಯುವವರೆಗೆ ಬಿಸಿನೀರು ಬಿಡಲಿಲ್ಲ, ಬೆಳಗಿನ ಗುಂಯ್ ಬಿಡಲಿಲ್ಲ. ಒಮ್ಮೆ ನಾನೇ ಮಿರ್ಚಿಯ ತಟ್ಟೆ ಮುಂದಿಟ್ಟು, "ಇನ್ನ ಹಾಡಂಗಿಲ್ಲಲ್ಲಜ್ಜ, ತಿನ್ನು" ಎಂದಿದ್ದೆ. ಅವನು ತಟ್ಟೆಯನ್ನು ನನ್ನ ಕಡೆಗೇ ಸರಿಸಿದ. "ಹೇಳಾಕ ಬರಂಗಿಲ್ಲ ಶಮ್ಮಿ. ಒಂದಿನ ದನಿ ಬಂದು ಬಾಗಿಲದಾಗ ನಿಂತ್ರ, ಮನಿ ಕಸ ಹೊಡದಿರಬೇಕಲ್ಲ."

ಆ ಮನೆ ಈಗ ಇಲ್ಲ. ಅಲ್ಲಿ ಯಾರದೋ ಗೊಬ್ಬರದ ಅಂಗಡಿ. ಬಿಲ್ಲು ಯಾವ ಒಲೆಗೆ ಹೋಯಿತೋ. ಬಸಣ್ಣನೂ ಹೋದ.

ನಿನ್ನೆ ಹಬೆ ತೆಗೆದುಕೊಂಡು ಟವೆಲ್ಲು ಸರಿಸಿದಾಗ ಮಗಳು ತುದಿಗಾಲಲ್ಲಿ ಬಂದು, "ಅಮ್ಮಿ, ಚಹಾ ಮಾಡ್ಲೇನು?" ಎಂದು ಪಿಸುಗುಟ್ಟಿದಳು. "ದಿನಾ ಮಾತಾಡಿದಂಗ ಮಾತಾಡವ್ವ" ಎಂದೆ, ಬಂದಷ್ಟು ದನಿಯಲ್ಲಿ. ಅವಳು ಅಡುಗೆಮನೆಗೆ ಹೋದಳು. ಬಿಸಿನೀರೂ ಬೇಕಿತ್ತು, ಕೂಗಬಾರದಲ್ಲ, ಯೋಚಿಸದೆಯೇ ಒಂದು ಚಪ್ಪಾಳೆ ತಟ್ಟಿದೆ. ಅವಳು ಬರುವ ಮೊದಲೇ, ಅಜ್ಜ ಕರೆದನೇನೋ ಎಂಬಂತೆ, ಕೂತಲ್ಲಿಂದ ಅರ್ಧ ಎದ್ದವಳು ನಾನು.